ಕಾಗೆ ಕಾಲು, ಗುಬ್ಬಿ ಕಾಲು: ಕೆಟ್ಟ ಅಕ್ಷರಕ್ಕೆ ಯಾವ ಪೆನ್ನು ಮದ್ದು?

ಒಂದು ಭಾನುವಾರ ರೊಟ್ಟಿ ಊಟ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಮೂರು ನೋಟ್‌ಬುಕ್ ತೆರೆದು ಸಾಲಾಗಿ ಇಟ್ಟಿದ್ದೆವು. ಒಂದು ನನ್ನದು. ಇನ್ನೊಂದು ಅಣ್ಣನ ಮಗನದು. ಅವನು ಹಾವೇರಿಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿದ್ದಾನೆ, ಭಾನುವಾರ ಊಟಕ್ಕೆ ನಮ್ಮಲ್ಲಿಗೆ ಬರುತ್ತಾನೆ. ಮೂರನೆಯದು ಆರನೇ ಕ್ಲಾಸಿನ ನನ್ನ ಮಗಳದು. ಅವ್ವ ಕನ್ನಡಕ ಏರಿಸಿಕೊಂಡು ಮೂರನ್ನೂ ನೋಡಿದಳು. "ಕಾಗಿ ಕಾಲ, ಗುಬ್ಬಿ ಕಾಲ, ಕೋಳಿ ಕಾಲ. ಮೂರೂ ಅದಾವ ನೋಡು" ಅಂದಳು.

ಮದ್ದೂ ಅವಳ ಹತ್ತಿರವೇ ಇತ್ತು. "ಮಸಿ ಪೆನ್ನು ಕೊಡ್ರಿ. ಅಕ್ಷರ ತಾವ ದುಂಡಗ ಆಗ್ತಾವ."

ಈ ಮಾತನ್ನು ನೀವೂ ಕೇಳಿರುತ್ತೀರಿ. ಇಂಕ್ ಪೆನ್ ಹಿಡಿದರೆ ಅಕ್ಷರ ಸುಧಾರಿಸುತ್ತದೆ ಅಂತ ಹಳೇ ಮೇಷ್ಟ್ರುಗಳೆಲ್ಲ ಹೇಳುತ್ತಿದ್ದರು. ಆಮೇಲಿನ ನಾಲ್ಕು ತಿಂಗಳು ನಾವು ಮೂವರೂ ಇಂಕ್ ಪೆನ್, ಬಾಲ್‌ಪೆನ್, ಜೆಲ್, ಪೆನ್ಸಿಲ್ ಎಲ್ಲವನ್ನೂ ಹಿಡಿದು ನೋಡಿದೆವು. ಅವ್ವನ ಮಾತು ಒಬ್ಬರಿಗೆ ಪೂರ್ತಿ ನಿಜವಾಯಿತು, ಒಬ್ಬರಿಗೆ ಅರ್ಧ ನಿಜವಾಯಿತು, ಒಬ್ಬರಿಗೆ ಕೆಲಸಕ್ಕೇ ಬರಲಿಲ್ಲ. ನೀವು ಈ ಮೂವರಲ್ಲಿ ಯಾರ ಹಾಗೆ ಅನ್ನುವುದು ಗೊತ್ತಾದರೆ ಪೆನ್ನು ಆರಿಸುವುದು ಸುಲಭ.

ಮೊದಲು ಹಾಳೆ ತಿರುವಿ ನೋಡಿ

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನೀವು ಈಗ ಬರೆಯುವ ಪೆನ್ನಿನಲ್ಲೇ ಒಂದು ಪುಟ ಬರೆಯಿರಿ. ಆಮೇಲೆ ಹಾಳೆ ತಿರುವಿ, ಹಿಂಬದಿಯ ಮೇಲೆ ಬೆರಳು ಆಡಿಸಿ.

ನನ್ನ ಹಾಳೆಯ ಹಿಂಬದಿ ಬ್ರೈಲ್ ಲಿಪಿಯ ಹಾಗಿತ್ತು. ಕಣ್ಣು ಮುಚ್ಚಿ ಬೆರಳಿನಿಂದಲೇ ಸಾಲು ಎಣಿಸಬಹುದಿತ್ತು. ಕೆಳಗಿನ ಇನ್ನೆರಡು ಹಾಳೆಗೂ ಅಚ್ಚು ಬಿದ್ದಿತ್ತು. ಇಪ್ಪತ್ತು ವರ್ಷ ಕಚೇರಿಯಲ್ಲಿ ಕಾರ್ಬನ್ ಕಾಪಿ ಹಾಕಿ ಬರೆದ ಕೈ ಅದು. ಅರ್ಧ ಪುಟ ಆಗುವಷ್ಟರಲ್ಲಿ ಹೆಬ್ಬೆರಳ ಬುಡ ನೋಯುತ್ತದೆ, ಆಮೇಲೆ ಅಕ್ಷರ ಸೊಟ್ಟಗಾಗುತ್ತದೆ. ನನ್ನ ರೋಗ ಒತ್ತುವುದು.

ಅಣ್ಣನ ಮಗನ ಹಾಳೆ ಹಿಂದೆ ನುಣುಪಾಗಿತ್ತು. ಮುಂದೆ ನೋಡಿದರೆ 'ಮ'ಗೂ 'ವು'ಗೂ ವ್ಯತ್ಯಾಸವೇ ಇಲ್ಲ. ತಲೆಕಟ್ಟು ಹಾರಿಹೋಗಿದೆ. ಸಾಲಿನ ಕೊನೆಗೆ ಅಕ್ಷರಗಳೆಲ್ಲ ಬಲಕ್ಕೆ ಮಲಗಿವೆ. ಅವನ ರೋಗ ಓಟ.

ಮಗಳದು ಬೇರೆಯೇ. ಒತ್ತುವುದೂ ಇಲ್ಲ, ಓಡುವುದೂ ಇಲ್ಲ. 'ಧ'ದ ಕೆಳಗಿನ ಗೀಟು ಮರೆತಿದ್ದಾಳೆ, 'ಠ'ದ ಹೊಟ್ಟೆಯ ಚುಕ್ಕೆ ಹೊರಗೆ ಬಿದ್ದಿದೆ, ಒತ್ತಕ್ಷರಗಳು ಮೇಲಿನ ಅಕ್ಷರದಷ್ಟೇ ದಪ್ಪ. ಅವಳಿಗೆ ಅಕ್ಷರದ ರೂಪವೇ ಇನ್ನೂ ಕೈಗೆ ಕೂತಿಲ್ಲ.

ಒತ್ತುವುದು, ಓಡುವುದು, ರೂಪ ಗೊತ್ತಿಲ್ಲದಿರುವುದು. ಬಹಳ ಮಂದಿಯ ಕೆಟ್ಟ ಅಕ್ಷರ ಈ ಮೂರರಲ್ಲಿ ಒಂದರಿಂದ ಬಂದಿರುತ್ತದೆ, ಕೆಲವರದು ಎರಡು ಬೆರೆತು. ಇಂಕ್ ಪೆನ್ ನೇರವಾಗಿ ವಾಸಿ ಮಾಡುವುದು ಮೊದಲನೆಯದನ್ನು ಮಾತ್ರ.

ಬಾಲ್‌ಪೆನ್ನು ಒತ್ತಲು ಕಲಿಸುತ್ತದೆ

ಬಾಲ್‌ಪೆನ್ನಿನ ತುದಿಯಲ್ಲಿ ಒಂದು ಸಣ್ಣ ಗುಂಡು ಇದೆ. ಅದು ಹಾಳೆಗೆ ಉಜ್ಜಿಕೊಂಡು ಉರುಳಿದರೆ ಮಾತ್ರ ಹಿಂದಿನ ಇಂಕು ಹೊರಗೆ ಬರುತ್ತದೆ. ಆ ಇಂಕು ಎಣ್ಣೆಯ ಜಾತಿಯದು, ಅಂಟಂಟು. ಹಾಗಾಗಿ ಸ್ವಲ್ಪ ಒತ್ತಲೇಬೇಕು, ಪೆನ್ನನ್ನು ಸ್ವಲ್ಪ ನೆಟ್ಟಗೆ ಹಿಡಿಯಲೇಬೇಕು. ಹಂಗೇರಿಯ ಲಾಸ್ಲೋ ಬಿರೋ 1938ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದೇ ಬೇಗ ಒಣಗುವ, ಸೋರದ ಪೆನ್ನು ಬೇಕು ಅಂತ. ಅಕ್ಷರ ಚೆಂದ ಮಾಡುವುದು ಆ ಗುಂಡಿನ ಕೆಲಸವೇ ಆಗಿರಲಿಲ್ಲ.

ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ. ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರದಲ್ಲಿ ಒಂದು ಪದ ಮುಗಿಯುವವರೆಗೂ ಪೆನ್ನು ಎತ್ತುವ ಕೆಲಸ ಕಡಿಮೆ. ನಮ್ಮ ಅಕ್ಷರಗಳು ಬಿಡಿ ಬಿಡಿ. ಅಕ್ಷರ ಬರೆದು, ಎತ್ತಿ, ತಲೆಕಟ್ಟು. ಮತ್ತೆ ಎತ್ತಿ, ಒತ್ತು. ಮತ್ತೆ ಎತ್ತಿ, ದೀರ್ಘ. ಪ್ರತಿ ಸಲ ಪೆನ್ನು ಇಟ್ಟಾಗ ಗುಂಡು ಹೊಸದಾಗಿ ಉರುಳಲು ಶುರುಮಾಡಬೇಕು. ತಲೆಕಟ್ಟಿನಂಥ ಚಿಕ್ಕ ಗೆರೆಯಲ್ಲಿ ಅದು ಉರುಳುವ ಮೊದಲೇ ಗೆರೆ ಮುಗಿದಿರುತ್ತದೆ. ಬಣ್ಣ ಬೀಳುವುದಿಲ್ಲ. ಆಗ ನಾವೇನು ಮಾಡುತ್ತೇವೆ? ಇನ್ನಷ್ಟು ಒತ್ತುತ್ತೇವೆ. ವರ್ಷಗಟ್ಟಲೆ ಹೀಗೆ ಬರೆದರೆ ಕೈ ಅದನ್ನೇ ಬರೆಯುವ ರೀತಿ ಅಂದುಕೊಳ್ಳುತ್ತದೆ.

ಹಾಗಂತ ಬಾಲ್‌ಪೆನ್ನನ್ನು ನಾನು ಬೈಯುವುದಿಲ್ಲ. ಬಿಳಿ ಮೈ, ನೀಲಿ ಟೋಪಿಯ ರೆನಾಲ್ಡ್ಸ್ ಹಿಡಿದೇ ನಮ್ಮ ತಲೆಮಾರು ಎಸ್ಸೆಸ್ಸೆಲ್ಸಿ ದಾಟಿದ್ದು. ಮಳೆಗೆ ಅಳಿಸುವುದಿಲ್ಲ, ಎಂಥ ಕಾಗದಕ್ಕೂ ಒಗ್ಗುತ್ತದೆ, ಕಾರ್ಬನ್ ಕಾಪಿಗೆ ಇದೇ ಬೇಕು. ಅಕ್ಷರ ಆಗಲೇ ಚೆನ್ನಾಗಿದ್ದು ಕೈ ಹಗುರ ಇರುವವರಿಗೆ ಬಾಲ್‌ಪೆನ್ ಸಾಕು.

ಇಂಕ್ ಪೆನ್ ಬೈಯುವ ಮೇಷ್ಟ್ರು

ಹಣತೆಯಲ್ಲಿ ಬತ್ತಿ ಎಣ್ಣೆಯನ್ನು ಹೇಗೆ ತಾನಾಗಿ ಮೇಲಕ್ಕೆ ಎಳೆಯುತ್ತದೋ, ಇಂಕ್ ಪೆನ್ನಿನಲ್ಲೂ ಅದೇ ಆಗುತ್ತದೆ. ನಿಬ್ಬಿನ ನಡುವಿನ ಸೀಳು, ಕೆಳಗಿನ ನಾಲಿಗೆಯ ಸಣ್ಣ ಕಾಲುವೆಗಳು, ಇವು ಇಂಕನ್ನು ತುದಿಗೆ ತಂದು ನಿಲ್ಲಿಸುತ್ತವೆ. ಇಂಕು ಇಳಿದಷ್ಟು ಗಾಳಿ ಅದೇ ನಾಲಿಗೆಯ ಮೂಲಕ ಒಳಗೆ ಹೋಗುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ನಾಲಿಗೆಯ ಕೆಲಸಕ್ಕೇ. ನೀವು ಒತ್ತಬೇಕಾದ್ದು ಏನೂ ಇಲ್ಲ. ಹಾಳೆಗೆ ಮುಟ್ಟಿಸಿದರೆ ಸಾಕು, ಗೆರೆ ಬೀಳುತ್ತದೆ. ಪೆನ್ನಿನ ತೂಕವೇ ಹೆಚ್ಚುಕಡಿಮೆ ಆ ಕೆಲಸ ಮಾಡುತ್ತದೆ.

ಒತ್ತಿದರೆ ಏನಾಗುತ್ತದೆ ಅನ್ನುವುದು ಇಲ್ಲಿ ಮುಖ್ಯ. ನಿಬ್ಬಿನ ಎರಡು ಹೋಳು ಅಗಲವಾಗಿ ಗೆರೆ ದಪ್ಪಗಾಗುತ್ತದೆ, ಹಾಳೆ ಪರಪರ ಕೆರೆಯುತ್ತದೆ. ಇನ್ನೂ ಒತ್ತಿದರೆ ನಿಬ್ಬೇ ಸೊಟ್ಟ. ಬಾಲ್‌ಪೆನ್ ಒತ್ತಿದವನಿಗೆ ಇನ್ನೂ ಕಪ್ಪು ಗೆರೆ ಕೊಟ್ಟು ಬಹುಮಾನ ಮಾಡುತ್ತದೆ. ಇಂಕ್ ಪೆನ್ ತಕ್ಷಣ ಬೈಯುತ್ತದೆ.

ಬೈಗುಳ ಇಷ್ಟಕ್ಕೇ ಮುಗಿಯುವುದಿಲ್ಲ. ಬಾಲ್‌ಪೆನ್ನನ್ನು ಬೆರಳಲ್ಲಿ ಹೇಗೆ ತಿರುಗಿಸಿದರೂ ಬರೆಯುತ್ತದೆ, ಗುಂಡಿಗೆ ಎಲ್ಲ ದಿಕ್ಕೂ ಒಂದೇ. ನಿಬ್ಬಿಗೆ ಮುಖ ಇದೆ. ಸ್ವಲ್ಪ ಹೊರಳಿದರೂ ಸೀಳಿನ ಒಂದು ಹೋಳು ಹಾಳೆ ಬಿಡುತ್ತದೆ, ಗೆರೆ ತಪ್ಪುತ್ತದೆ. ಹಾಗಾಗಿ ಪೆನ್ನನ್ನು ಒಂದೇ ರೀತಿ, ಸುಮಾರು ಅರ್ಧ ವಾಲಿಸಿ ಹಿಡಿಯಲು ಕೈ ಕಲಿಯಲೇಬೇಕು. ಹಿಡಿತ ಒಂದೇ ಸಮ ಆದರೆ ಅಕ್ಷರದ ವಾಲು ಒಂದೇ ಸಮ ಆಗುತ್ತದೆ. ನೋಡುವವರಿಗೆ 'ಅಕ್ಷರ ಚೆಂದ' ಅನ್ನಿಸುವುದರಲ್ಲಿ ಅರ್ಧ ಪಾಲು ಇದರದ್ದೇ. ಒಂದೊಂದು ಅಕ್ಷರ ಅಂದವಾಗಿರಬೇಕಿಲ್ಲ, ಎಲ್ಲ ಒಂದೇ ಕಡೆ ವಾಲಿರಬೇಕು, ಒಂದೇ ಎತ್ತರ ಇರಬೇಕು.

ತಡ ಮಾಡಿದರೂ ಅದು ಸುಮ್ಮನಿರುವುದಿಲ್ಲ. ಯೋಚಿಸುತ್ತ ನಿಬ್ಬನ್ನು ಹಾಳೆ ಮೇಲೆ ಇಟ್ಟುಕೊಂಡು ಕೂತರೆ ಅಲ್ಲೊಂದು ಮಸಿ ಚುಕ್ಕೆ. ಮುಂದಿನ ಪದ ತಲೆಯಲ್ಲಿ ಬಂದ ಮೇಲೆ ನಿಬ್ಬು ಇಳಿಸಬೇಕು. ನನಗೆ ಇದು ಬಹಳ ಉಪಕಾರ ಮಾಡಿತು, ಹೊಡೆದುಹಾಕುವ ಪದಗಳು ಕಡಿಮೆಯಾದವು.

ನನ್ನ ಮೊದಲ ವಾರ ಮಾತ್ರ ಕೇಳಬೇಡಿ. ಅಕ್ಷರ ಮೊದಲಿಗಿಂತ ಕೆಟ್ಟಿತು. ಪುಟದ ತುಂಬ ಮಸಿ ಕಲೆ, ಬೆರಳು ನೀಲಿ. 'ಕುಣಿಯಾಕ ಬಾರದಾಕಿ ಅಂಗಳ ಡೊಂಕ ಅಂದ್ಳಂತ' ಅಂತ ಅವ್ವ ನಕ್ಕಳು, ಯಾಕಂದರೆ ನಾನು ನಿಬ್ಬನ್ನು ಬೈಯುತ್ತಿದ್ದೆ. ಎರಡನೇ ವಾರ ಹಿಡಿತ ಸಡಿಲಾಯಿತು. ಮೂರನೇ ವಾರದ ಒಂದು ದಿನ ಮೂರು ಪುಟ ಬರೆದು ಎದ್ದೆ, ಹೆಬ್ಬೆರಳು ನೋಯಲಿಲ್ಲ. ಅಕ್ಷರ ಚೆಂದ ಆಗುವ ಮೊದಲು ಬಂದದ್ದು ಈ ಸುಖ. ಕೈ ನೋಯದಿದ್ದರೆ ಪುಟದ ಕೊನೆಯ ಸಾಲೂ ಮೊದಲ ಸಾಲಿನ ಹಾಗೇ ಇರುತ್ತದೆ.

ಜೆಲ್ ಮತ್ತು ರೋಲರ್‌ಬಾಲ್, ನಡುವಿನ ದಾರಿ

ಜೆಲ್ ಪೆನ್ ಜಪಾನಿನ ಸಕುರಾ ಕಂಪನಿ 1984ರಲ್ಲಿ ಹೊರತಂದದ್ದು. ನೀರಿನ ಇಂಕನ್ನೇ ಗಟ್ಟಿ ಮಾಡಿ ಗುಂಡಿನ ಹಿಂದೆ ಇಟ್ಟಿದ್ದಾರೆ. ಬಾಲ್‌ಪೆನ್ನಿನಷ್ಟು ಒತ್ತಬೇಕಿಲ್ಲ. ಬಣ್ಣ ಗಾಢ. ರೋಲರ್‌ಬಾಲ್, ಅಂದರೆ ಪೈಲಟ್ ವಿ5 ತರಹದ್ದು, ಇನ್ನೂ ತೆಳು ನೀರಿಂಕಿನದು. ಹರಿಯುವುದರಲ್ಲಿ ಇಂಕ್ ಪೆನ್ನಿಗೆ ಬಲು ಹತ್ತಿರ.

ಆದರೆ ಇವು ಬೈಯುವುದಿಲ್ಲ. ಓಡುವ ಕೈಯನ್ನು ಇನ್ನೂ ಓಡಿಸುತ್ತವೆ. ಅಣ್ಣನ ಮಗ ಹಿಡಿದಿದ್ದು ನುಣುಪಾದ ಜೆಲ್ ಪೆನ್ನು, ಬರೆಯುತ್ತಿದ್ದದ್ದು ಹೊಳಪಿನ ಹಾಳೆಯ ಮೇಲೆ. ಎಣ್ಣೆ ಬಳಿದ ನೆಲದಲ್ಲಿ ಚಪ್ಪಲಿ ಹಾಕಿ ಓಡಿದ ಹಾಗೆ. ಅವನಿಗೆ ಇಂಕ್ ಪೆನ್ ಕೊಟ್ಟಾಗ ವೇಗ ತಾನಾಗಿ ಇಳಿಯಿತು, 'ವು' ಯಾವುದು 'ಮ' ಯಾವುದು ಕಾಣಿಸಿತು. ಆದರೆ ಮುಖ್ಯ ಪರೀಕ್ಷೆ ಅಂದರೆ ಮೂರು ಗಂಟೆ ಬಿಡದೆ ಬರೆಯುವುದು. ವೇಗ ಇಳಿದರೆ ಕೊನೆಯ ಪ್ರಶ್ನೆ ಉಳಿಯುತ್ತದೆ. ಅಂಕ ಹೋಗುವುದು ಅಲ್ಲಿ.

ಅವನು ಕೊನೆಗೆ ಕಂಡುಕೊಂಡದ್ದು ಹೀಗೆ. ಬೆಳಿಗ್ಗೆ ಲೈಬ್ರರಿಯಲ್ಲಿ ನೋಟ್ಸ್ ಮಾಡುವುದು ಇಂಕ್ ಪೆನ್ನಿನಲ್ಲಿ, ನಿಧಾನವಾಗಿ. ವಾರಕ್ಕೆ ಎರಡು ದಿನ ಗಡಿಯಾರ ಇಟ್ಟುಕೊಂಡು ಉತ್ತರ ಬರೆಯುವುದು 0.7ರ ಜೆಲ್ಲಿನಲ್ಲಿ. ಮೊದಲು ಹಿಡಿಯುತ್ತಿದ್ದದ್ದು 0.5. ಸ್ವಲ್ಪ ದಪ್ಪ ತುದಿ, ಸ್ವಲ್ಪ ಒರಟು ಹಾಳೆ, ಇಷ್ಟರಿಂದಲೇ ಜಾರುವುದು ಕಡಿಮೆಯಾಯಿತು. ಇಂಕ್ ಪೆನ್ ಕಲಿಸಿದ ಹಿಡಿತ ಜೆಲ್ಲಿಗೂ ಬಂತು ಅನ್ನುತ್ತಾನೆ. ನನಗೆ ಅನ್ನಿಸುವುದು, ಬಂದದ್ದರಲ್ಲಿ ಅರ್ಧ ಪಾಲು ದಿನಾ ಬರೆದದ್ದರಿಂದ. ಹಿಡಿತ ಮತ್ತು ಅಭ್ಯಾಸವನ್ನು ಬೇರ್ಪಡಿಸಿ ತೂಗುವ ತಕ್ಕಡಿ ನಮ್ಮ ಮನೆಯಲ್ಲಿಲ್ಲ.

ಒಂದು ಎಚ್ಚರ. ಒಎಂಆರ್ ಹಾಳೆ ತುಂಬುವಾಗ ಇಂಕ್ ಪೆನ್ನೂ ಬೇಡ, ಜೆಲ್ಲೂ ಬೇಡ. ಅಲ್ಲಿ ಬಾಲ್‌ಪೆನ್ನೇ. ಪ್ರವೇಶಪತ್ರದ ಹಿಂದಿನ ಸೂಚನೆ ಓದಿಕೊಂಡು ಹೋಗಿ.

ಪೆನ್ಸಿಲ್ಲನ್ನು ಮರೆತುಬಿಡುತ್ತೇವೆ

ಮಗಳಿಗೆ ಅವ್ವ ಹಟ ಮಾಡಿ ಇಂಕ್ ಪೆನ್ ಕೊಡಿಸಿದಳು. ಒಂದು ತಿಂಗಳ ಮೇಲೆ ನೋಡಿದರೆ ಅದೇ ತಪ್ಪು, ನೀಲಿ ಬಣ್ಣದಲ್ಲಿ. 'ಧ'ದ ಗೀಟು ಇಲ್ಲವೇ ಇಲ್ಲ. ಪೆನ್ನಿಗೆ 'ಧ' ಗೊತ್ತಿರುವುದಿಲ್ಲವಲ್ಲ! ರೂಪ ಗೊತ್ತಿಲ್ಲದ ಕೈಗೆ ಬೇಕಾದ್ದು ತಪ್ಪು ಮಾಡಿ ಅಳಿಸಿ ಮತ್ತೆ ಬರೆಯುವ ಅವಕಾಶ. ಅದು ಪೆನ್ಸಿಲ್ಲಿನಲ್ಲಿ ಇದೆ, ಅದಕ್ಕೂ ಮೊದಲು ಪಾಟಿಯಲ್ಲಿ ಇತ್ತು. ಪೆನ್ಸಿಲ್ ಹಾಳೆಯನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ, ಕೈಗೆ ಗೆರೆ ಎಲ್ಲಿ ಹೋಗುತ್ತಿದೆ ಅಂತ ತಿಳಿಯುತ್ತದೆ.

ಮತ್ತೆ ಎಚ್‌ಬಿ ಪೆನ್ಸಿಲ್ಲು, ಎರಡು ಗೆರೆ ಕಾಪಿ ತಂದೆವು. ಅಕ್ಷರಮಾಲೆಯ 49ನ್ನೂ ಬರೆಸಲಿಲ್ಲ. ಅವಳು ತಪ್ಪುವ ಜೋಡಿಗಳನ್ನಷ್ಟೇ: ರ ಠ, ದ ಧ ಥ, ಬ ಭ, ಮ ವು. ದಿನಕ್ಕೆ ಒಂದು ಪುಟ, ಒಂದು ಗುಂಪು. ಎರಡು ತಿಂಗಳ ಮೇಲೆ ಇಂಕ್ ಪೆನ್ ಮತ್ತೆ ಕೊಟ್ಟೆವು. ಆಗ ಅದು ಕೆಲಸಕ್ಕೆ ಬಂತು. ಚಿಕ್ಕ ಮಕ್ಕಳಿಗೆ ನೇರ ಇಂಕ್ ಪೆನ್ ಕೊಡುವುದು ನನ್ನ ಲೆಕ್ಕದಲ್ಲಿ ಪಾಟಿಚೀಲ, ಯುನಿಫಾರ್ಮು, ಗೋಡೆ ಎಲ್ಲಕ್ಕೂ ಖರ್ಚು.

ಕನ್ನಡಕ್ಕೆ ಯಾವ ನಿಬ್ಬು?

ನಿಬ್ಬಿನ ಬಗ್ಗೆ ನಾನು ಓದಿದ್ದು ಬಹುತೇಕ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಬರೆದದ್ದು. ನಮ್ಮ ಲಿಪಿಯ ಸಮಸ್ಯೆ ಬೇರೆ.

ಕನ್ನಡದ ಒಂದು ಸಾಲು ಅಂದರೆ ಮೂರಂತಸ್ತಿನ ಮನೆ. ನಡುವೆ ಅಕ್ಷರ, ಮೇಲೆ ಗುಡಿಸು ಮತ್ತು ತಲೆಕಟ್ಟು, ಕೆಳಗೆ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ದಪ್ಪ ನಿಬ್ಬು ಹಿಡಿದರೆ 'ಠ'ದ ಚುಕ್ಕೆ ಹೊಟ್ಟೆಯಲ್ಲೇ ಮುಳುಗುತ್ತದೆ, 'ಣ'ದ ಸುಳಿ ಮಸಿ ಉಂಡೆಯಾಗುತ್ತದೆ. ಹಾಗಾಗಿ ಸಾಮಾನ್ಯ ಗೆರೆ ನೋಟ್‌ಬುಕ್ಕಿಗೆ ಫೈನ್ ನಿಬ್ಬು ತಗೊಳ್ಳಿ. ಅಕ್ಷರ ತೀರ ಸಣ್ಣ ಇದ್ದರೆ ಎಕ್ಸ್‌ಟ್ರಾ ಫೈನ್. ಜಪಾನಿನ ಫೈನ್ ಯುರೋಪಿನ ಫೈನ್‌ಗಿಂತ ಒಂದು ಮೆಟ್ಟಿಲು ಸಣ್ಣದು, ನೆನಪಿರಲಿ. ಮೀಡಿಯಂ ನಿಬ್ಬು ನುಣುಪಾಗಿ ಓಡುತ್ತದೆ, ಸಹಿಗೆ, ಪತ್ರಕ್ಕೆ ಚೆಂದ. ತುದಿ ಚಪ್ಪಟೆ ಇರುವ ಸ್ಟಬ್ ನಿಬ್ಬಿನಲ್ಲಿ ಇಂಗ್ಲಿಷ್ ಅಕ್ಷರ ಮದುವೆ ಕಾರ್ಡಿನ ಹಾಗೆ ಬರುತ್ತದೆ. ಕಲಿಯುವವರು ಅದರ ಹತ್ತಿರ ಹೋಗಬೇಡಿ.

ಅಂಗಡಿಯಲ್ಲಿ ಪೆನ್ನು ಪರೀಕ್ಷೆ ಮಾಡಲು ಎಲ್ಲರೂ ಸುಮ್ನೆ ಸುರುಳಿ ಗೀಚುತ್ತಾರೆ, ಇಲ್ಲವೇ ಸಹಿ ಹಾಕುತ್ತಾರೆ. ಸಹಿ ಯಾವ ಪೆನ್ನಿನಲ್ಲಾದರೂ ಬರುತ್ತದೆ. ನಾನು ಬಸ್ ಬೋರ್ಡಿನ ಊರುಗಳನ್ನು ಬರೆಯುತ್ತೇನೆ. ಹುಬ್ಬಳ್ಳಿ. ಬ್ಯಾಡಗಿ. ರಾಣೆಬೆನ್ನೂರು. ಲಕ್ಷ್ಮೇಶ್ವರ. 'ಹುಬ್ಬಳ್ಳಿ'ಯಲ್ಲಿ ಕೊಂಬು, ಎರಡು ಒತ್ತು, ಗುಡಿಸು ಎಲ್ಲ ಬಂತು. 'ಲಕ್ಷ್ಮೇಶ್ವರ'ದಲ್ಲಿ 'ಕ'ದ ಕೆಳಗೆ 'ಷ', ಅದರ ಜೊತೆ 'ಮ' ಒತ್ತು, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ಒಂದು ಗೆರೆಯ ಜಾಗದಲ್ಲಿ ಅಷ್ಟೂ ಬಿಡಿ ಬಿಡಿಯಾಗಿ ಕಂಡರೆ ಆ ನಿಬ್ಬು ನಿಮ್ಮ ಕೈಗೆ ಸರಿ. ಉಂಡೆಯಾದರೆ ಮುಂದಿನ ಪೆನ್ನು ಕೇಳಿ. ಕೊಪ್ಪಿಕರ್ ರೋಡಿನ ಒಂದು ಅಂಗಡಿಯಲ್ಲಿ ನಾನು ಬರೆದ ಚೀಟಿ ನೋಡಿ ಅಂಗಡಿಯವರು, "ಯಾವ ಊರಿಗೆ ಹೊಂಟೀರಿ ಸರ?" ಅಂತ ಕೇಳಿದ್ದರು.

ಯಾವ ಇಂಕ್ ಪೆನ್?

ಇಲ್ಲಿ ದುಡ್ಡು ಜಾಸ್ತಿ ಹಾಕಬೇಕಿಲ್ಲ. ಕ್ಯಾಮ್ಲಿನ್‌ನಂಥ ಶಾಲಾ ಪೆನ್ನುಗಳು ನೂರರ ಆಸುಪಾಸಿನಲ್ಲಿ ಸಿಗುತ್ತವೆ, ಶುರು ಮಾಡಲು ಅದು ಸಾಕು. ಹಳಬರಿಗೆ ಪ್ರೀತಿಯ ಚೀನಾದ ಹೀರೋ 616 ಬೇರೆ ಥರ. ನಿಬ್ಬಿನ ತುದಿ ಮಾತ್ರ ಹೊರಗೆ, ಉಳಿದದ್ದು ಮೈಯೊಳಗೆ. ಗೆರೆ ಸಣ್ಣ, ಕನ್ನಡಕ್ಕೆ ಹೊಂದುತ್ತದೆ. ಆದರೆ ನಿಬ್ಬಿನ ಮುಖ ಸರಿಯಾಗಿ ಕಾಣದ್ದರಿಂದ ಹಿಡಿತ ಕಲಿಯುವವರು ಹೊರಳಿಸಿ ಹಿಡಿಯುತ್ತಾರೆ. ಕಲಿಯಲು ತೆರೆದ ನಿಬ್ಬೇ ವಾಸಿ.

ಸಾವಿರ ದಾಟಿದರೆ ಜಪಾನಿನ ಪೈಲಟ್, ಇನ್ನೂ ಮೇಲೆ ಹೋದರೆ ಜರ್ಮನಿಯ ಲಾಮಿ ಸಫಾರಿ. ಸಫಾರಿಯ ಹಿಡಿಯುವ ಜಾಗ ಮೂರು ಮೂಲೆಯ ಆಕಾರದಲ್ಲಿದೆ, ಬೆರಳು ತಾನಾಗಿ ಸರಿ ಜಾಗದಲ್ಲಿ ಕೂರುತ್ತವೆ. ಪೈಲಟ್‌ನ ಕಾಕುನೋ ಮಕ್ಕಳಿಗೆಂದೇ ಮಾಡಿದ್ದು, ನಿಬ್ಬಿನ ಮೇಲೆ ನಗುವ ಮುಖ ಇದೆ. ಆ ಮುಖ ನಿಮ್ಮ ಕಡೆ ನೋಡುತ್ತಿದ್ದರೆ ಹಿಡಿತ ಸರಿ. ಇಷ್ಟು ಸರಳ ಉಪಾಯ ನಮ್ಮ ಶಾಲಾ ಪೆನ್ನಿಗೂ ಬರಬಾರದೇ ಅನ್ನಿಸುತ್ತದೆ. ಒತ್ತುವ ರೋಗಕ್ಕೆ ಮಾತ್ರ ನೂರರ ಪೆನ್ನೂ ಮೂರು ಸಾವಿರದ ಪೆನ್ನೂ ಒಂದೇ ಮದ್ದು. ದುಡ್ಡು ಕೊಟ್ಟದ್ದಕ್ಕೆ ಸಿಗುವುದು ನುಣುಪು, ಬಾಳಿಕೆ.

ಬೆಲೆಗಿಂತ ಮುಖ್ಯ ಇಂಕು ತುಂಬುವ ವಿಧಾನ. ಪೆನ್ನಿನ ಹೊಟ್ಟೆಗೇ ಡ್ರಾಪರ್‌ನಿಂದ ಇಂಕು ಸುರಿಯುವುದು ಒಂದು. ಒಳಗೆ ಕನ್ವರ್ಟರ್, ಅಂದರೆ ತಿರುಗಿಸಿ ಇಂಕು ಎಳೆದುಕೊಳ್ಳುವ ಸಣ್ಣ ಕೊಳವೆ, ಇರುವುದು ಇನ್ನೊಂದು. ಡ್ರಾಪರ್ ಪೆನ್ನಿಗೆ ಇಂಕು ಜಾಸ್ತಿ ಹಿಡಿಸುತ್ತದೆ, ಪರೀಕ್ಷೆಗೆ ಓದುವವರಿಗೆ ಅನುಕೂಲ. ಅದರ ಕಳ್ಳತನವನ್ನೂ ಹೇಳಬೇಕು. ಇಂಕು ಕಾಲು ಭಾಗಕ್ಕೆ ಇಳಿದಾಗ ಒಳಗೆ ಗಾಳಿ ಜಾಸ್ತಿ. ಕೈಯ ಬಿಸಿಗೆ, ಎದೆಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಏಪ್ರಿಲ್ಲಿನ ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಉಣಕಲ್ ದಾಟಿದಾಗ ಪಕ್ಕದ ಹೆಣ್ಣುಮಗಳು ನನ್ನ ಜೇಬು ತೋರಿಸಿ, "ಅಣ್ಣಾರ, ಎದಿಯಾಗ ಏನೋ ಸೋರಾಕತ್ತೈತಿ" ಅಂದರು. ಬಿಳಿ ಅಂಗಿ. ನೀಲಿ ಕಲೆ ಅಂಗೈಯಗಲ. ನೋಡಿದವರೆಲ್ಲ ಹೆದರಿದ್ದರು, ಪುಣ್ಯಕ್ಕೆ ಕೆಂಪು ಇಂಕಲ್ಲ. ಅಂದಿನಿಂದ ಡ್ರಾಪರ್ ಪೆನ್ನು ಮನೆಯ ಮೇಜಿಗೆ, ಕನ್ವರ್ಟರ್ ಪೆನ್ನು ಜೇಬಿಗೆ. ಜೇಬಿನಲ್ಲಿ ಇಡುವಾಗ ನಿಬ್ಬು ಮೇಲೆ.

ಇಂಕು, ಹಾಳೆ

ಇಂಕಿನ ಬಗ್ಗೆ ಎರಡೇ ಮಾತು. ಕ್ಯಾಮ್ಲಿನ್, ಬ್ರಿಲ್, ಯಾವುದಾದರೂ ಸಾಮಾನ್ಯ ಇಂಕ್ ಪೆನ್ ಇಂಕು ಸಾಕು. ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಮಾತ್ರ ಹಾಕಬೇಡಿ, ಅದು ನಾಲಿಗೆಯಲ್ಲಿ ಒಣಗಿ ಗಟ್ಟಿಯಾದರೆ ಪೆನ್ನು ಕಥೆ ಮುಗಿಯಿತು. ಚೆಕ್ ಬರೆಯಲು ತೊಳೆದರೆ ಹೋಗುವ ನೀಲಿ ಇಂಕೂ ಬೇಡ.

ಹಾಳೆಯ ಬಗ್ಗೆ ಜಾಸ್ತಿ ಹೇಳಬೇಕು. ಇಂಕ್ ಪೆನ್ ಬಿಟ್ಟವರಲ್ಲಿ ಅರ್ಧ ಮಂದಿ ಬಿಟ್ಟದ್ದು ಹಾಳೆಯ ತಪ್ಪಿನಿಂದ ಅಂತ ನನ್ನ ಗುಮಾನಿ. ಅಗ್ಗದ ನೋಟ್‌ಬುಕ್ಕಿನಲ್ಲಿ ಬರೆದರೆ ಇಂಕು ಎಳೆ ಎಳೆಯಾಗಿ ಹರಡುತ್ತದೆ, ಹಿಂಬದಿಗೂ ಇಳಿಯುತ್ತದೆ. ಜನ ಪೆನ್ನನ್ನು ಬೈದು ಎತ್ತಿಡುತ್ತಾರೆ.

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಗೆಳೆಯನಿಗೆ ನನ್ನ ಗೋಳು ಹೇಳಿದೆ. ಅವನು ಮುಂದಿನ ಸಲ ಬರುವಾಗ ಕಟಿಂಗ್ ಪೇಪರಿನ ಎರಡು ಕಟ್ಟು ತಂದ. ಒಂದು ಕ್ರೀಮ್‌ವೋವ್, ಒಂದು ಮ್ಯಾಪ್ಲಿಥೋ. ಒಂದೇ ಪೆನ್ನು, ಒಂದೇ ಇಂಕು. ಕ್ರೀಮ್‌ವೋವ್ ಮೇಲೆ 'ಹುಬ್ಬಳ್ಳಿ' ಉಣ್ಣೆ ದಾರದಲ್ಲಿ ಹೆಣೆದ ಹಾಗೆ ಕಂಡಿತು. ಮ್ಯಾಪ್ಲಿಥೋ ಮೇಲೆ ಗೆರೆ ಗೆರೆಯಾಗಿ ನಿಂತಿತು. "ಬೆಟಗೇರಿ ಸೀರಿಗೆ ಗಂಜಿ ಹಾಕ್ತಾರಲ್ಲ, ಹಂಗ ಇದಕ್ಕ ಮ್ಯಾಲ ಗಂಜಿ ಹಾಕಿರ್ತಾರ" ಅಂದ. ಗಂಜಿ ಇಂಕನ್ನು ಹೀರಲು ಬಿಡುವುದಿಲ್ಲ. ನೋಟ್‌ಬುಕ್ ಕೊಳ್ಳುವಾಗ ರಟ್ಟಿನ ಮೇಲೆ ಮ್ಯಾಪ್ಲಿಥೋ, 70 ಜಿಎಸ್‌ಎಂ (ಹಾಳೆಯ ತೂಕದ ಅಳತೆ) ಅಥವಾ ಮೇಲೆ ಅಂತ ಇದೆಯೇ ನೋಡಿ. ಬರೆದಿಲ್ಲದಿದ್ದರೆ ನಿಮ್ಮ ಪೆನ್ನು ಒಯ್ದು ಕೊನೆಯ ಹಾಳೆಯ ಮೂಲೆಯಲ್ಲಿ, ಕೇಳಿಕೊಂಡು, ಒಂದು ಚುಕ್ಕೆ ಇಡಿ. ಚುಕ್ಕೆಗೆ ಮೀಸೆ ಬಂದರೆ ಆ ಪುಸ್ತಕ ಬೇಡ.

ಕೈ ಚಿಕ್ಕದಾಗಿ ಬರೆಯಲು ಒಗ್ಗುವವರೆಗೆ ಗೆರೆ ಬಿಟ್ಟು ಗೆರೆ ಬರೆಯಿರಿ. ಹಾಳೆ ಹಾಳು ಅಂತ ಮನೆಯಲ್ಲಿ ಯಾರಾದರೂ ಗೊಣಗುತ್ತಾರೆ. ಗೊಣಗಲಿ.

ಇಂಕ್ ಪೆನ್ ಬೇಡ ಅನ್ನಬೇಕಾದವರು

ಎಡಗೈಯವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ, ಎಡಗೈ ಈಗ ಬರೆದ ಹಸಿ ಇಂಕಿನ ಮೇಲೇ ಸರಿಯುತ್ತದೆ. ಕೈಯನ್ನು ಸಾಲಿನ ಕೆಳಗೆ ಇಟ್ಟು ಬರೆಯುವ ಅಭ್ಯಾಸ ಇದ್ದರೆ ಸರಿ. ಇಲ್ಲದಿದ್ದರೆ ಬೇಗ ಒಣಗುವ ಜೆಲ್ ಒಳ್ಳೆಯದು.

ಹೊರಗೆ ಓಡಾಡುತ್ತ ಬರೆಯುವವರಿಗೂ ಇದು ಕಷ್ಟ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದು ಹನಿ ಬಿದ್ದರೆ ಸಾಕು, ಲೆಕ್ಕದ ಪುಸ್ತಕದಲ್ಲಿ 7 ಯಾವುದು 1 ಯಾವುದು ತಿಳಿಯುವುದಿಲ್ಲ. ಇನ್ನು ವಾರಕ್ಕೊಮ್ಮೆ ಪೆನ್ನು ಮುಟ್ಟುವವರು. ಇಂಕ್ ಪೆನ್ ಎಮ್ಮೆ ಇದ್ದ ಹಾಗೆ, ದಿನಾ ನೋಡಿಕೊಳ್ಳಬೇಕು. ಟೋಪಿ ತೆರೆದಿಟ್ಟರೆ ನಮ್ಮ ಬೇಸಿಗೆಗೆ ಬೇಗ ಒಣಗುತ್ತದೆ. ಮೂರ್ನಾಲ್ಕು ವಾರಕ್ಕೊಮ್ಮೆ ತಣ್ಣೀರಿನಲ್ಲಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ಬಿಸಿನೀರು ಹಾಕಬೇಡಿ.

'ನನ್ನ ಪೆನ್ನು ಯಾರಿಗೂ ಕೊಡಲ್ಲ, ನಿಬ್ಬು ಕೆಡುತ್ತೆ' ಅನ್ನುವ ಹಿರಿಯರನ್ನು ನೋಡಿದ್ದೇವೆ ಅಲ್ವಾ? ನಿಬ್ಬಿನ ತುದಿಯ ಲೋಹ ಬಹಳ ಗಟ್ಟಿ, ಒಂದು ಸಹಿಗೆ ಸವೆಯುವುದಿಲ್ಲ. ಕೆಡಿಸುವುದು ಬಾಲ್‌ಪೆನ್ನಿನ ಹಾಗೆ ಒತ್ತುವ ಕೈ. ಹಾಗಾಗಿ ಅವರ ಜಿಪುಣತನದಲ್ಲಿ ಅರ್ಥ ಇತ್ತು, ಕಾರಣ ಮಾತ್ರ ಬೇರೆ. ನಾನೂ ಈಗ ಜೇಬಿನಲ್ಲಿ ಇನ್ನೊಂದು ಬಾಲ್‌ಪೆನ್ ಇಟ್ಟುಕೊಂಡಿದ್ದೇನೆ, ಬ್ಯಾಂಕಿನಲ್ಲಿ ಪೆನ್ನು ಕೇಳುವವರಿಗೆ ಕೊಡಲು.

ಶುರು ಮಾಡುವವರಿಗೆ

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ. ಮೊದಲ ನಾಲ್ಕು ದಿನ ಅಕ್ಷರವೇ ಬೇಡ. ಅಡ್ಡಗೆರೆ, ಸೊನ್ನೆ, ಎಡಕ್ಕೆ ಸುತ್ತುವ ಸುರುಳಿ, ಬಲಕ್ಕೆ ಸುತ್ತುವ ಸುರುಳಿ. ಕನ್ನಡದಲ್ಲಿ ಇವೇ ತಿರುತಿರುಗಿ ಬರುತ್ತವೆ. ಟೋಪಿಯನ್ನು ಪೆನ್ನಿನ ಹಿಂದೆ ಸಿಕ್ಕಿಸಿ ನೋಡಿ, ತೆಗೆದು ನೋಡಿ, ಯಾವುದರಲ್ಲಿ ಕೈ ಹಗುರವೋ ಅದು. ಆಮೇಲೆ ತಪ್ಪುವ ಅಕ್ಷರಗಳು, ಆಮೇಲೆ ಊರಿನ ಹೆಸರುಗಳು, ಆಮೇಲೆ ಒಂದು ವಚನ ಅಥವಾ ಪೇಪರಿನ ಒಂದು ಸುದ್ದಿ. ಪುಟದ ಮೂಲೆಯಲ್ಲಿ ತಾರೀಖು ಹಾಕಿ. ದಿನಾ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ತಿಂಗಳ ಹಿಂದಿನ ಪುಟ ತೆರೆದರೆ ಕಾಣುತ್ತದೆ. ಬಾಲ್‌ಪೆನ್ನನ್ನು ಪೂರ್ತಿ ಬಿಡಲಾಗದಿದ್ದರೆ ತೊಂದರೆ ಇಲ್ಲ, ಮೊದಲ ಮೂರು ವಾರ ಮಾತ್ರ ಆದಷ್ಟು ದೂರ ಇಡಿ. ಎರಡೂ ಹಿಡಿದರೆ ಕೈ ಹಳೆಯದಕ್ಕೇ ಓಡುತ್ತದೆ.

ಹೋದ ಭಾನುವಾರ ಮತ್ತೆ ಮೂರು ನೋಟ್‌ಬುಕ್ ಸಾಲಾಗಿ ಇಟ್ಟೆವು. ಅವ್ವ ನನ್ನ ಹಾಳೆಯನ್ನು ಓದಲಿಲ್ಲ. ಮೊದಲು ತಿರುವಿ, ಹಿಂಬದಿಯ ಮೇಲೆ ಬೆರಳು ಆಡಿಸಿದಳು. ಎರಡನೇ ಸಲ ಆಡಿಸಿದಳು. "ಏನೂ ಹತ್ತವಲ್ದು" ಅಂದಳು. ಮಗಳ ಪುಟದಲ್ಲಿ 'ಧಾರವಾಡ' ಹತ್ತು ಸಲ ಇತ್ತು, ಒಂಬತ್ತರಲ್ಲಿ 'ಧ'ದ ಗೀಟು ಇತ್ತು. ಅಣ್ಣನ ಮಗ ತನ್ನದನ್ನು ತೋರಿಸಲಿಲ್ಲ, ಅವನಿಗೆ ಮುಂದಿನ ತಿಂಗಳು ಪರೀಕ್ಷೆ. ಹೋಗುವಾಗ ನನ್ನ ಮ್ಯಾಪ್ಲಿಥೋ ಕಟ್ಟಿನಲ್ಲಿ ಅರ್ಧ ಎತ್ತಿಕೊಂಡು ಹೋದ.